ಒಂದಾದ ಮೇಲೆ ಹತ್ತನ್ನು ಕರೆಯುವ ಟೋಕನ್ ಯಂತ್ರಕ್ಕೆ

ಮಾನ್ಯ ಟೋಕನ್ ಯಂತ್ರ ಮಹೋದಯರೇ,

ಕುಂದಾಪುರದ ಕಣ್ಣಿನ ಚಿಕಿತ್ಸಾಲಯದ ಬಾಗಿಲಲ್ಲಿ ಕೆಂಪು ದೀಪ ಮಿನುಗಿಸುತ್ತ ವಿರಾಜಮಾನರಾಗಿರುವ ತಮಗೆ ಹೆಮ್ಮಾಡಿಯ ವನಜಳ ಸಾಷ್ಟಾಂಗ ವಂದನೆಗಳು.

ಪೇಟೆಯಲ್ಲಿ ಮೀನು ಕೊಯ್ದು ಕೊಡುವ ನನ್ನ ಅತ್ತೆ ಬಾಗಿಯವರು, ಕಣ್ಣಿಗೆ ಪೊರೆ ಬಂದು, ಬಂಗುಡೆಯ ಬದಲು ಸ್ವಂತ ಬೆರಳನ್ನೇ ಕೊಯ್ದುಕೊಂಡ ಮೇಲೆ, ಕಳೆದ ತಿಂಗಳು ನಾವು ತಮ್ಮ ಸನ್ನಿಧಿಗೆ ಬಂದೆವು. ತಿಂಗಳಿಗೊಮ್ಮೆ ಬರುವ ವೈದ್ಯರು ಮಧ್ಯಾಹ್ನ ಒಂದಕ್ಕೆ ಎದ್ದುಬಿಡುತ್ತಾರೆ. ತಾವು ನಮಗೆ ದಯಪಾಲಿಸಿದ್ದು ಒಂಬತ್ತನೇ ಚೀಟಿ. ಒಂದನ್ನು ಕರೆದಿರಿ, ಕೂಡಲೇ ಹತ್ತನ್ನು ಕರೆದಿರಿ, ಹತ್ತೊಂಬತ್ತು ಮುಗಿದ ಮೇಲೆ ಎರಡನ್ನು ನೆನಪಿಸಿಕೊಂಡು ಮರುಕ್ಷಣ ಇಪ್ಪತ್ತಕ್ಕೆ ಹಾರಿದಿರಿ. ಅಂದಿನ ಮೂವತ್ತು ಚೀಟಿಗಳಲ್ಲಿ ಒಂಬತ್ತೇ ಕಟ್ಟಕಡೆಯದು ಎಂದು ನಮಗೆ ತಿಳಿಯುವ ಹೊತ್ತಿಗೆ ವೈದ್ಯರ ಕಾರು ಹೊರಟಿತ್ತು.

ಮನೆಗೆ ಬಂದು ಬರೆದು ನೋಡಿದಾಗ ತಮ್ಮ ಪಾಂಡಿತ್ಯ ಅರ್ಥವಾಯಿತು. ತಾವು ನಮ್ಮಂತೆ ಎಣಿಸುವವರಲ್ಲ. ನಿಘಂಟಿನ ಪದಗಳಂತೆ ಸಂಖ್ಯೆಗಳನ್ನು ಮೊದಲ ಅಂಕಿ ನೋಡಿ ಜೋಡಿಸುವ ವಿದ್ವಾಂಸರು. ಒಂದರಿಂದ ಶುರುವಾಗುವವೆಲ್ಲ ಮುಗಿಯದೆ ಎರಡಕ್ಕೆ ಪ್ರವೇಶವಿಲ್ಲ.

ಈ ತಿಂಗಳು ನಾವು ಸಾಲಿನಲ್ಲಿ ಎರಡನೆಯವರು. ಹಿಂದಿನ ಎಂಟು ಜನರನ್ನು ಮುಂದೆ ಬಿಟ್ಟರೆ ನಮಗೆ ಹತ್ತು ಸಿಗುತ್ತದೆಂದು ಲೆಕ್ಕ ಹಾಕಿ, ಬೈಂದೂರಿನಿಂದ ಕೋಲೂರಿಕೊಂಡು ಬಂದಿದ್ದ ಸೂರ ಎಂಬ ಮುದುಕರಿಗೆ, ತಾವೇ ಮೊದಲು ಹೋಗಿ ಎಂದು ಸಕ್ಕರೆಯಂಥ ಮಾತಾಡಿದೆ. ಅವರು ಕೈ ಮುಗಿದು ನನ್ನನ್ನು ಹರಸಿದರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿ, “ಹ್ವಾಯ್, ಆ ಎರಡ್ ತಕಣ್ಬೇಡಿ. ನಿಮ್ ಹಿಂದಿದ್ದ್ ಹತ್ ಜನ ಮುಂದ್ ಹೋತ್ರ್” ಎಂದರು. ನಾನು ನೆಲ ನೋಡುತ್ತ ನಿಂತೆ.

ಗುಟ್ಟು ರಟ್ಟಾದ ಮೇಲೆ ತಮ್ಮ ಗುಂಡಿಯನ್ನು ಒತ್ತುವವರೇ ಇರಲಿಲ್ಲ. ಬಂದವರೆಲ್ಲ ಬಂದ ಕ್ರಮದಲ್ಲೇ ಬೆಂಚಿನ ಮೇಲೆ ಕೂತರು; ಹೊರಬಂದ ವೈದ್ಯರು ಏನೂ ಕೇಳದೆ ಬೆಂಚಿನ ಈ ತುದಿಯಿಂದ ಶುರುಮಾಡಿದರು; ಒಂದಕ್ಕೆ ಮೊದಲೇ ಎಲ್ಲರದೂ ಮುಗಿಯಿತು. ಅತ್ತೆಗೆ ಬರುವ ಮಂಗಳವಾರ ವೈದ್ಯರ ಊರಿನ ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ.

ಆದ್ದರಿಂದ ತಾವು ದಯವಿಟ್ಟು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಮೀನಿನ ಬುಟ್ಟಿ ಹೊತ್ತ ಹೆಂಗಸರ ಹಿಂದೆ ಬಸ್ಸಿಗೆ ಸಾಲು ನಿಂತು, ಒಂದಾದ ಮೇಲೆ ಏನು ಬರುತ್ತದೆಂದು ಕಲಿತು ಬರಬೇಕಾಗಿ ವಿನಂತಿ.

ಇಂತಿ, ತಮ್ಮನ್ನು ಎಂದೂ ಮುಟ್ಟದಿರಲು ಪಣ ತೊಟ್ಟ
ತಮ್ಮ ವಿಶ್ವಾಸಿ,
ವನಜ

ತಾ.ಕ.: ಜನ ಈಗ ತಮ್ಮ ಮೇಲೆ ಒದ್ದೆ ಕೊಡೆಗಳನ್ನು ನೇತುಹಾಕುತ್ತಿದ್ದಾರಂತೆ. ಕೊನೆಗೂ ಅರ್ಹತೆಗೆ ತಕ್ಕ ಹುದ್ದೆ ಸಿಕ್ಕಿದ್ದಕ್ಕೆ ಅಭಿನಂದನೆಗಳು.