ಆಲ್ಪ್ಸ್ ಬೆಟ್ಟದಲ್ಲೊಂದು ಹೋರಿ ಹಬ್ಬ

ಕೆಲಸವಿಲ್ಲದೆ ನಡೆಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ನಮ್ಮ ಹಂಸಭಾವಿಯಲ್ಲಿ ಮನುಷ್ಯ ನಡೆದನೆಂದರೆ ಸಂತೆಗೋ, ಹೊಲಕ್ಕೋ, ಹೆಣ್ಣು ನೋಡಲಿಕ್ಕೋ ಹೊರಟಿದ್ದಾನೆಂದೇ ಅರ್ಥ. ಸುಮ್ಮನೆ ಗುಡ್ಡ ಹತ್ತಿ ಸುಮ್ಮನೆ ಇಳಿದು ಬಂದವನಿಗೆ ಮನೆಯವರು ತಾಯಿತ ಕಟ್ಟಿಸುತ್ತಾರೆ. ಅಂಥ ಊರಿನವನಾದ ನಾನು, ಮಹಾಯುದ್ಧ ಶುರುವಾಗುವ ಮೊದಲು, ಅದೇ ಗುಡ್ಡ ಹತ್ತುವ ಕೆಲಸಕ್ಕಾಗಿ ಹಡಗು ಹತ್ತಿ ಆಲ್ಪ್ಸ್ ಪರ್ವತದವರೆಗೆ ಹೋದ ಪುಣ್ಯಾತ್ಮ. ನಮ್ಮ ಸೋದರಮಾವನಿಗೆ ದಮ್ಮಿನ ಬೇನೆ. ಅಲ್ಲಿಯ ಗಾಳಿ ಕುಡಿದರೆ ಗುಣವಾಗುತ್ತದೆಂದು ಮುಂಬಯಿಯ ಡಾಕ್ಟರು ಹೇಳಿದರು. ಅನುಕೂಲಸ್ಥರು, ಹೊರಟೇಬಿಟ್ಟರು. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಎಳೆದುಕೊಂಡರು. ಹೋಗಿ ನೋಡಿದರೆ ಆ ಹಳ್ಳಿಯಲ್ಲಿ ಇಂಗ್ಲಿಷ್ ಯಾರಿಗೂ ಬೇಕಾಗಿರಲಿಲ್ಲ.

ನಾವಿಳಿದ ಮನೆಯ ಒಡತಿಗೆ ಮಾತ್ರ ಹರಕುಮುರುಕು ಇಂಗ್ಲಿಷ್ ಗೊತ್ತಿತ್ತು. ಮಾಂಸವಿಲ್ಲದ ಊಟ ಹಾಕುವ ಇನ್ನೊಂದು ಮನೆ ಅಲ್ಲಿರಲಿಲ್ಲ. ಆಕೆ ಮುನಿದರೆ ನಮಗೆ ಉಪವಾಸವೇ ಗತಿ. ಬೆಳಗಾದರೆ ಇಬ್ಬರ ಕೈಗೂ ಕೋಲು ಕೊಟ್ಟು ಹೊರಗೆ ಅಟ್ಟುತ್ತಿದ್ದಳು. ಮಾವ ದಮ್ಮು ಎಳೆಯುತ್ತ ಹತ್ತುವರು. ನಾನು ಮೊದಲ ತಿರುವಿನಲ್ಲೇ ಒಂದು ಬಂಡೆ ನೋಡಿ ಕೂತುಬಿಡುವೆ.

ಚಳಿ ಹತ್ತಿರವಾದಾಗ ಒಂದು ದಿನ ಊರೆಲ್ಲ ಬೀದಿಗೆ ಬಂತು. ಬೇಸಿಗೆಯುದ್ದಕ್ಕೂ ಗುಡ್ಡದ ಮೇಲೆ ಮೇಯ್ದ ದನಗಳು ಇಳಿದು ಬರುವ ದಿನ ಅದು. ಮೇಲೆ ಒಂದೂ ದನ ಸಾಯದಿದ್ದರೆ ಮಾತ್ರ ಅವಕ್ಕೆ ಹೂವಿನ ಕಿರೀಟವೆಂದು ಒಡತಿ ಹೇಳಿದ್ದಳು. ಎಲ್ಲಕ್ಕೂ ಮುಂದೆ ಆಕೆಯ ಅಣ್ಣನ ಹಸು. ತಲೆಗೆ ಕಿರೀಟ, ಕೊರಳಿಗೆ ಕೊಡದಷ್ಟು ದೊಡ್ಡ ಗಂಟೆ. ಪಕ್ಕದಲ್ಲಿ ಅಣ್ಣ ಮೀಸೆ ತಿರುವುತ್ತ ಬರುತ್ತಿದ್ದ. ನಮ್ಮ ಮಾವನ ಮುಖ ಮಾತ್ರ ಬಾಡಿತು. ನಮ್ಮ ಕಡೆ ದೀಪಾವಳಿಗೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬೀದಿಗೆ ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಅದನ್ನು ಹರಿಯಬೇಕು. ಹಿಡಿಯಲು ಯಾರೂ ಮುಂದೆ ಬಾರದಿದ್ದರೆ ಹೋರಿಯ ಒಡೆಯನಿಗೆ ಅವಮಾನ.

"ಏನ್ ಊರಲೇ ಅಳಿಯಾ ಇದು! ಇಷ್ಟ ಛಂದ ಸಿಂಗಾರ ಮಾಡ್ಯಾರ, ಒಬ್ಬನೂ ಕೈ ಹಾಕವಲ್ಲ. ಪಾಪ, ಆ ಮನಷ್ಯಾನ ಮರ್ಯಾದಿ ಏನಾಗಬೇಕು?"

"ಮಾವಾ, ಅದು ಹೋರಿ ಅಲ್ರಿ, ಆಕಳರೀ. ಸುಮ್ನ ನಿಂದರ್ರಿ," ಎನ್ನುವಷ್ಟರಲ್ಲಿ ಮಾವ ಕೋಲು ಬಿಸುಟು ಹಾರಿದ್ದರು. ಕಿರೀಟ ಅವರ ಕೈಯಲ್ಲಿತ್ತು. ಹಸು ನಿಂತು ಮೆಲುಕು ಹಾಕತೊಡಗಿತು.

ಅಣ್ಣನ ಮುಖ ಮೆಣಸಿನಕಾಯಿ ಆಯಿತು. ಕಿರೀಟವಿಲ್ಲದೆ ಹಸು ಮನೆ ಸೇರಿದರೆ ದನ ಸತ್ತಿದೆಯೆಂದು ಊರಿಗೆ ಸಾರಿದಂತಲ್ಲವೇ? ಒಡತಿ ನನ್ನತ್ತ ತಿರುಗಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾನು ಕಲಿತ ಇಂಗ್ಲಿಷಿನಲ್ಲಿ ಕೊಬ್ಬರಿ ಹರಿಯುವುದಕ್ಕೆ ಜಾಗವೇ ಇರಲಿಲ್ಲ. ಬೇರೆ ದಾರಿ ಕಾಣದೆ ಕಿರೀಟವನ್ನು ಕಸಿದು ನನ್ನ ತಲೆಗಿಟ್ಟುಕೊಂಡೆ, ಬೆರಳುಗಳನ್ನು ಕೊಂಬು ಮಾಡಿದೆ, ಗುಟುರು ಹಾಕಿ ಓಡಿದೆ. ಮಾವನಿಗೆ ಹೇಳಿಕೊಡುವುದೇನಿತ್ತು? "ಹಿಡೀರಿ! ಹಿಡೀರಿ!" ಎಂದು ಬೆನ್ನು ಹತ್ತಿದರು. ಅವರ ದಮ್ಮು ಎಲ್ಲಿ ಹೋಗಿತ್ತೋ! ಇಗರ್ಜಿಯವರೆಗೆ ಏರು, ಅಲ್ಲಿಂದ ಹಳ್ಳದವರೆಗೆ ಇಳಿಜಾರು. ಮೊದಲು ಮಕ್ಕಳು ನಕ್ಕರು, ಆಮೇಲೆ ಒಡತಿ, ಕಡೆಗೆ ಅಣ್ಣನೂ ನಕ್ಕ. ಕಿರೀಟವನ್ನು ತಾನೇ ಹಸುವಿಗೆ ಮರಳಿ ಕಟ್ಟಿ ಮಾವನ ಬೆನ್ನು ತಟ್ಟಿದ. ನನಗೆ ನೀರು ಬೇಕೇ ಎಂದು ಸಹ ಯಾರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಮಂದಿ ಮಾವನನ್ನು ಮುತ್ತಿದರು. "ಗೌಡ್ರ, ಆ ದೇಶದಾಗ ಹೋರಿ ಹ್ಯಾಂಗ ಅದಾವ್ರಿ?"

ಮಾವ ಸವಣೂರ ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ನೋಡಿದರು.

"ಅಲ್ಲಿವು ಓಡೂದಿಲ್ಲಪಾ. ಓಡಿದ್ದು ಒಂದ ಹೋರಿ. ಅದನ್ನ ನಾನ ಇಲ್ಲಿಂದ ಹಡಗಿನ್ಯಾಗ ಒಯ್ದಿದ್ದೆ."