ಭಾವನ ಕಾರಿನ ಜ್ವರ

ಮೇ ತಿಂಗಳ ಹಗಲಲ್ಲಿ ನನ್ನ ಭಾವನ ಕಾರು ಹತ್ತಿ ಕಾರ್ಕಳದಿಂದ ಮಣಿಪಾಲಕ್ಕೆ ಹೋಗಿ ಬಂದವನಿಗೆ ಆಮೇಲೆ ಯಾವ ಪುರೋಹಿತರೂ ನರಕದ ಹೆದರಿಕೆ ಹುಟ್ಟಿಸಲಾರರು. ಯಾಕೆಂದರೆ ಆ ಸೆಕೆಯಲ್ಲಿ ಭಾವ ಕಾರಿನ ಹೀಟರ್ ಹಾಕುತ್ತಾರೆ. ಏಸಿ ಅಲ್ಲ ಮಾರಾಯ್ರೆ, ಹೀಟರ್!

"ಎಂಜಿನ್ನಿನ ಬಿಸಿಯನ್ನು ನಾವು ಸ್ವಲ್ಪ ಹಂಚಿಕೊಂಡ್ರೆ ಅದಕ್ಕೆ ಹಗುರ ಆಗ್ತದೆ" ಎಂಬುದು ಅವರ ವಾದ. ಭಾವ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಆದ್ದರಿಂದ ವಾದ ತಪ್ಪಲ್ಲ. ಎಂಜಿನ್ ಸುತ್ತಿ ಬಂದ ಬಿಸಿ ನೀರು ಹೀಟರಿನ ಕೊಳವೆಯಲ್ಲಿ ಹಾದು, ತನ್ನ ಬಿಸಿಯನ್ನು ಕಾರಿನೊಳಗೆ ಬಿಟ್ಟು, ತಣ್ಣಗಾಗಿ ವಾಪಸು ಹೋಗುತ್ತದೆ. ವಿಜ್ಞಾನಕ್ಕೆ ಎಂತ, ಹಿಂದಿನ ಸೀಟಿನಲ್ಲಿ ಕೂತು ಬೇಯುವುದು ನಾನಲ್ವಾ?

ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿರುವುದು ನನ್ನ ಅಕ್ಕ. ಅವಳಿಗೆ ಕ್ಯಾನ್ಸರ್. ಕೀಮೋಗೆಂದು ಮಣಿಪಾಲಕ್ಕೆ ಹೋಗಬೇಕು, ಹೇಳಿದ ಹೊತ್ತಿಗೆ ಮುಟ್ಟಬೇಕು. ತಡವಾದರೆ ಅಂದಿನ ಹಾಸಿಗೆ ಇನ್ನೊಬ್ಬರದಾಗುತ್ತದೆ, ಅಕ್ಕನ ಔಷಧಿ ಮುಂದಕ್ಕೆ ಹೋಗುತ್ತದೆ. ಈ ಕಾಯಿಲೆಯಲ್ಲಿ ಔಷಧಿ ಮುಂದಕ್ಕೆ ಹೋಗುವುದೆಂದರೆ ಏನೆಂದು ನಮಗೆ ಮೂವರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಇಂಥ ಕೆಲಸಕ್ಕೆ ಭಾವ ನಂಬಿದ್ದು ಗುಡ್ಡ ಕಂಡರೆ ಕುದಿಯುವ ಹಳೆಯ ಪೆಟ್ರೋಲ್ ಕಾರನ್ನು.

"ಬಾಡಿಗೆ ಕಾರು ಮಾಡುವ, ಭಾವ" ಎಂದೆ.

"ಅದರಲ್ಲಿ ಎಂತದೋ ಸೆಂಟಿನ ವಾಸನೆ ಇರ್ತದೆ. ಅವಳಿಗೆ ವಾಂತಿ ಬರ್ತದೆ."

"ಹಾಗಾದರೆ ನನ್ನ ಸ್ನೇಹಿತನ ಕಾರು ತರ್ತೇನೆ."

"ಬೇರೆಯವರ ಗಾಡಿಯ ಬ್ರೇಕು ಎಷ್ಟು ಮೆತ್ತಗೆ ಹಿಡಿತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಅವಳ ಹೊಟ್ಟೆ ಕುಲುಕಬಾರದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಮ್ಮದು ಹಾಗೆಯೇ. ಅಕ್ಕನಾದರೂ ಬುದ್ಧಿ ಹೇಳಬೇಕೋ ಬೇಡವೋ? ಅವಳೋ, "ಇವರು ಗಾಡಿ ಬಿಟ್ಟರೆ ಮಾತ್ರ ನಾನು ಹೋಗುವುದು" ಎಂದುಬಿಟ್ಟಳು. ಮೇಲಿಂದ ರಕ್ತ ಕಡಿಮೆಯಾಗಿ ಯಾವಾಗಲೂ ಚಳಿ ಅವಳಿಗೆ. "ಹೀಟರ್ ಒಳ್ಳೆಯದುಂಟು" ಎಂದು ಹೊಗಳುವುದು ಬೇರೆ. ಉಡುಪಿಯ ಬನ್ನಂಜೆಯಲ್ಲಿ ನನಗೊಂದು ಸಣ್ಣ ಜೆರಾಕ್ಸ್ ಅಂಗಡಿ ಉಂಟು. ಪ್ರತಿಸಲ ಅದಕ್ಕೆ ಬಾಗಿಲು ಹಾಕಿ, ಹಿಂದಿನ ಸಂಜೆಯೇ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗುತ್ತಿದ್ದೆ. ಭಾವ ದಾರಿಯಲ್ಲಿ ನೀರು ಹುಡುಕಿಕೊಂಡು ಹೋದಾಗ ಅಕ್ಕನ ಜೊತೆ ಕೂರಲು ಒಬ್ಬ ಬೇಕಲ್ಲ?

ನೀರೆಂದರೆ ಅಷ್ಟಿಷ್ಟಲ್ಲ. ಕಾರ್ಕಳದಿಂದ ಮಣಿಪಾಲದವರೆಗಿನ ಬಾವಿ, ನಲ್ಲಿ, ತೋಡುಗಳೆಲ್ಲ ಭಾವನಿಗೆ ನೆಂಟರಾಗಿದ್ದವು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುವ ಮೊದಲೇ ಅವರು ಕಾರು ನಿಲ್ಲಿಸಿ, ಇಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. "ಜ್ವರ ಉಂಟು" ಎನ್ನುತ್ತಿದ್ದರು. ಆಮೇಲೆ ಕ್ಯಾನ್ ಹಿಡಿದು ಯಾವುದಾದರೂ ಮನೆಯ ಅಂಗಳಕ್ಕೆ. ಒಮ್ಮೆ ಹಿರಿಯಡ್ಕದ ಹತ್ತಿರದ ಮನೆಯೊಂದರಲ್ಲಿ "ಸ್ವಲ್ಪ ನೀರು ಬೇಕಿತ್ತು" ಎಂದರಂತೆ. ಆ ಮನೆಯ ಅಮ್ಮ ನಮ್ಮೂರಿನ ಮರ್ಯಾದೆಯಂತೆ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ಕೊಟ್ಟರು. ಭಾವ ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆಯನ್ನು ರಸ್ತೆಗೆ ತಂದು, ನೀರನ್ನು ರೇಡಿಯೇಟರಿಗೆ ಹೊಯ್ದು, ತಂಬಿಗೆ ವಾಪಸು ಕೊಟ್ಟು ಬಂದರು. ಅಂದಿನಿಂದ ಆ ಅಮ್ಮ ನಮ್ಮ ಕಾರು ಕಂಡರೆ ಕೊಡಪಾನ ತುಂಬಿಸಿ ಜಗುಲಿಯಲ್ಲಿಡುತ್ತಿದ್ದರು, ಬೆಲ್ಲದ ತುಂಡನ್ನೂ ತಪ್ಪಿಸಲಿಲ್ಲ.

ಆದರೂ ಒಂದು ಸಲ ನಾವು ತಡವಾದೆವು. ಹಾಸಿಗೆ ಹೋಗಿತ್ತು. ವಾಪಸು ಬರುವಾಗ ಭಾವ ದಾರಿಯುದ್ದಕ್ಕೂ ಮುಳ್ಳನ್ನು ನೋಡುತ್ತಿದ್ದರು, ಅದು ಅಂದು ಬೇಕೆಂದೇ ಎಂಬಂತೆ ಸುಮ್ಮನೆ ಕೂತಿತ್ತು. ನನಗೆ ಆ ಕಾರನ್ನು ಹೊಳೆಗೆ ದೂಡುವಷ್ಟು ಸಿಟ್ಟು ಬಂದಿತ್ತು.

ಅಕ್ಕನನ್ನು ವಿಚಾರಿಸಲು ನೆಂಟರು ಬರುತ್ತಿದ್ದರಲ್ಲ, ಅವರ ಪಾಡು ಕೇಳಬೇಡಿ. ಮೂಡುಬಿದಿರೆಯಿಂದ ಬಂದ ಹಿರಿಯರೊಬ್ಬರು ಅಂಗಳದಲ್ಲಿ ಭಾವನನ್ನು ಕಂಡು, ಸ್ವರ ತಗ್ಗಿಸಿ, "ಈಗ ಹೇಗುಂಟು?" ಎಂದರು.

"ಎಂತ ಹೇಳುವುದು, ಹಾಕಿದ ನೀರು ನಿಲ್ಲುವುದಿಲ್ಲ" ಎಂದರು ಭಾವ. "ಎಲ್ಲಿ ಹೋಗ್ತದೆ ಅಂತಲೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳುವಾಗ ಒಂದು ಕೆಮ್ಮು, ಮತ್ತೆ ಹಿಂದಿನಿಂದ ಬಿಳಿ ಹೊಗೆ."

ಹಿರಿಯರು ಕಕ್ಕಾಬಿಕ್ಕಿ. ಒಳಗೆ ಬಂದು ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟರು. ಅಕ್ಕ ಆ ದಿನ ನಕ್ಕದ್ದು ಎಷ್ಟೆಂದರೆ, ಕೊನೆಗೆ ಉಸಿರು ಸಿಕ್ಕದೆ ಮಲಗಬೇಕಾಯಿತು. ಭಾವ ಕಾರಿನ ಕಾಯಿಲೆಯನ್ನು ಊರಿಗೆಲ್ಲ ವಿವರಿಸುತ್ತಿದ್ದರು. ಹೆಂಡತಿಯ ಕಾಯಿಲೆಯ ಬಗ್ಗೆ ಅವರ ಬಾಯಿಂದ ಒಂದು ಮಾತು ಕೇಳಿದವರಿಲ್ಲ. ಕೇಳಿದರೆ ಎದ್ದು ಹೋಗಿ ಬಾನೆಟ್ ತೆರೆಯುತ್ತಿದ್ದರು.

ಗ್ಯಾರೇಜಿನವರೂ ಸುಮ್ಮನೆ ಕೂತಿರಲಿಲ್ಲ. ಥರ್ಮೋಸ್ಟಾಟ್ ಬದಲಾಯಿಸಿದರು, ರೇಡಿಯೇಟರ್ ಬಿಚ್ಚಿ ತೊಳೆದರು, ಫ್ಯಾನು ತಿರುಗುತ್ತದೋ ಎಂದು ನೋಡಿದರು. ಎಲ್ಲವೂ ಸರಿ, ನೀರು ಮಾತ್ರ ಮಾಯ. ನೆಲಕ್ಕೆ ಒಂದು ಹನಿ ಬಿದ್ದ ಗುರುತಿಲ್ಲ. ಕೊನೆಗೆ ಭಾವ ಲಾರಿಯವರ ಹಳೆಯ ಮದ್ದಿಗೆ ಕೈ ಹಾಕಿದರು. ಸಣ್ಣ ತೂತಿದ್ದರೆ ಮುಚ್ಚಲಿ ಎಂದು ಅಡುಗೆಮನೆಯ ಅರಶಿನ ಪುಡಿಯನ್ನು ಡಬ್ಬಿ ಸಮೇತ ತಂದು ರೇಡಿಯೇಟರಿಗೆ ಸುರಿದರು. ಆ ವಾರ ಸಾರಿಗೂ ಅರಶಿನವಿಲ್ಲ, ಪಲ್ಯಕ್ಕೂ ಇಲ್ಲ. ಬಾನೆಟ್ ತೆರೆದು ನೋಡಿದ ಅಕ್ಕ, "ಎಂತ, ಇದಕ್ಕೆ ಮದುವೆಯಾ?" ಎಂದು ಕೇಳಿದಳು.

ಮದುಮಗಳಿಗೆ ಅರಶಿನದಿಂದಲೂ ಗುಣವಾಗಲಿಲ್ಲ. ಆಗ ಭಾವನಿಗೆ ಇನ್‌ಟೇಕಿನ ಮೇಲೆ ಅನುಮಾನ ಬಂತು. ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಗೊಂಚಲಿಗೆ ಇನ್‌ಟೇಕ್ ಎನ್ನುತ್ತಾರೆ. ಅದು ಎಂಜಿನ್ನಿಗೆ ಕೂಡುವ ಸಂದಿನಲ್ಲಿ ಒಂದು ತೆಳು ಹಾಳೆ ಕೂತಿರುತ್ತದೆ, ಅದೇ ಗ್ಯಾಸ್ಕೆಟ್. ಈ ಕಾರಿನಲ್ಲಿ ಅದರ ಪಕ್ಕದಲ್ಲೇ ನೀರಿನ ದಾರಿಯೂ ಉಂಟು. ಹಾಳೆ ತಿಂದುಹೋದರೆ ಎಂಜಿನ್ ಬೇಡದ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ನೀರನ್ನೂ ಕುಡಿಯುತ್ತದೆ. ಕುಡಿದ ನೀರು ಒಳಗೇ ಬೆಂದು ಹೊಗೆಯಾಗಿ ಹೋಗುತ್ತದೆ. "ಸಂದಿಗೆ ಸೋಪಿನ ನೀರು ಹೊಡೆದರೆ, ಗಾಳಿ ಎಳೆಯುವ ಕಡೆ ಎಂಜಿನ್ನಿನ ಶಬ್ದ ಬದಲಾಗ್ತದೆ" ಎಂದು ಭಾವ ಪಾಠ ಮಾಡಿದರು.

ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿಟ್ಟು, ಬಟ್ಟೆ ಒಗೆಯುವ ಸೋಪನ್ನು ಕಲಸಿ ಭಾವ ಸ್ಪ್ರೇ ಹೊಡೆಯತೊಡಗಿದರು. ಶಬ್ದ ಕೇಳುವ ಕೆಲಸ ನನ್ನದು. "ಬದಲಾಯಿತಾ?" ಎಂದು ಅವರು, "ಎಂತದೂ ಇಲ್ಲ" ಎಂದು ನಾನು. ಪಕ್ಕದ ಮನೆಯಲ್ಲಿ ಮಿಕ್ಸಿ ಬೇರೆ ತಿರುಗುತ್ತಿತ್ತು. "ನಿನ್ನ ಕಿವಿಯ ಗ್ಯಾಸ್ಕೆಟ್ಟೂ ಹೋಗಿದೆ" ಎಂದು ಭಾವ ಬೈದರು. ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಕ್ಕ ಕೊರಳು ಚಾಚಿ ನೋಡಿ, "ಶಬ್ದ ಯಾಕೆ? ಅಲ್ಲಿ ಕೆಂಪಾಯಿತು ನೋಡಿ" ಎಂದಳು.

ನೋಡಿದರೆ ಹೌದು. ಇನ್‌ಟೇಕ್ ಕೂಡುವ ಸಂದಿನ ಮೂಲೆಯಲ್ಲಿ, ಕೊಳಕು ಲೋಹದ ಮೇಲೆ, ಕುಂಕುಮದ ಬಣ್ಣದ ಒಂದು ಗೆರೆ.

"ಅರಶಿನಕ್ಕೆ ಸೋಪು ತಾಗಿದರೆ ಕೆಂಪಾಗ್ತದೆ" ಎಂದಳು ಅಕ್ಕ. "ನಿಮ್ಮ ಪಂಚೆ ಒಗೆದು ಒಗೆದು ನನಗೆ ಗೊತ್ತುಂಟು."

ಅರಶಿನದ ನೀರು ಅಲ್ಲಿ ಸ್ವಲ್ಪ ಸ್ವಲ್ಪ ಒಸರಿ, ಬಿಸಿಗೆ ಒಣಗಿ ಕೂತಿತ್ತು. ಇಷ್ಟು ದಿನ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಮಕ್ಕಳಿಗೆ ಅದೇ ಅರಶಿನದ ಪ್ರಯೋಗವನ್ನು ವರ್ಷಾನುಗಟ್ಟಲೆ ಮಾಡಿ ತೋರಿಸಿದ ಮೇಷ್ಟ್ರು, ಸ್ಪ್ರೇ ಹಿಡಿದುಕೊಂಡು ಹೆಂಡತಿಯ ಮುಖ ನೋಡುತ್ತಾ ನಿಂತರು. ಕಾರಿನಂತೆ ಅವಳೂ ಗುಣವಾದಾಳೆಂಬ ಆಸೆ ಆ ನೋಟದಲ್ಲಿ ಎಷ್ಟಿತ್ತೆಂದರೆ ನನಗೆ ಹೆದರಿಕೆಯಾಯಿತು.

ಆ ಕಾರಿನ ಗ್ಯಾಸ್ಕೆಟ್ ಉಡುಪಿಯ ಯಾವ ಅಂಗಡಿಯಲ್ಲೂ ಸಿಕ್ಕಲಿಲ್ಲ. ಗ್ಯಾಸ್ಕೆಟ್ಟಿನ ಹಾಳೆ ತಂದು ಕತ್ತರಿಸುವುದೆಂದು ತೀರ್ಮಾನವಾಯಿತು. ಭಾವ ಹಳೆಯ ಹಾಳೆಯನ್ನು ಕೆರೆದು ತೆಗೆದರು, ಲೋಹಕ್ಕೆ ಎಣ್ಣೆ ಹಚ್ಚಿ ಹೊಸ ಹಾಳೆಯ ಮೇಲೆ ಅಚ್ಚು ಒತ್ತಿದರು. ಕತ್ತರಿಸುವಾಗ ಮಾತ್ರ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕ ಒಂದು ಕಾಲದಲ್ಲಿ ಬೀದಿಗೆಲ್ಲ ರವಿಕೆ ಹೊಲಿದುಕೊಟ್ಟವಳು. "ಇಲ್ಲಿ ತನ್ನಿ" ಎಂದು ಊಟದ ಮೇಜಿನ ಮುಂದೆ ಕೂತು, ತನ್ನ ಕತ್ತರಿಯಿಂದ ನಿಧಾನವಾಗಿ ಕತ್ತರಿಸಿದಳು. ಕೀಮೋದಿಂದ ಅವಳ ಬೆರಳ ತುದಿ ಜೋಮು ಹಿಡಿದಿರುತ್ತಿತ್ತು. ನಡುನಡುವೆ ಕತ್ತರಿ ಕೆಳಗಿಟ್ಟು ಬೆರಳು ಉಜ್ಜಿಕೊಳ್ಳುತ್ತಿದ್ದಳು. ಭಾವ ಅವಸರ ಮಾಡಲಿಲ್ಲ, ಪಕ್ಕದಲ್ಲಿ ನಿಂತು ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಹಿಡಿದುಕೊಂಡಿದ್ದರು. ಮರುದಿನ ಎಲ್ಲ ಜೋಡಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಗೆ ಒಂದೊಂದೇ ಸುತ್ತು ಬಿಗಿದರು. ಊಟಕ್ಕೆ ಕರೆದರೂ ಬರಲಿಲ್ಲ.

ಮುಂದಿನ ಸಲ ಮಣಿಪಾಲಕ್ಕೆ ಹೊರಟಾಗ ಮುಳ್ಳು ನಡುವಿಗೆ ಬಂದು ನಿಂತದ್ದು ನಿಂತೇ ಇತ್ತು. ಕಾರು ಬೈಲೂರು ದಾಟಿತು, ಹಿರಿಯಡ್ಕ ದಾಟಿತು, ಎಲ್ಲೂ ನಿಲ್ಲಲಿಲ್ಲ. ಜಗುಲಿಯಲ್ಲಿ ಕೊಡಪಾನ ಇಟ್ಟುಕೊಂಡು ನಿಂತಿದ್ದ ಆ ಅಮ್ಮನಿಗೆ ಭಾವ ಹಾರನ್ ಹೊಡೆದು ಕೈ ಬೀಸಿದರು. ಮದುವೆಯ ದಿಬ್ಬಣದ ಕಾರು ಬಿಡುವವರ ಠೀವಿ! ಆಸ್ಪತ್ರೆಗೆ ಮುಟ್ಟಿದಾಗ ನಮಗಿಂತ ಮೊದಲು ಬಂದವರು ಬೆರಳೆಣಿಕೆಯಷ್ಟು ಮಂದಿ.

ಡಾಕ್ಟರು ಹೊಸ ಸ್ಕ್ಯಾನಿನ ರಿಪೋರ್ಟನ್ನು ತುಂಬ ಹೊತ್ತು ನೋಡಿದರು. ಆಮೇಲೆ ನಮ್ಮನ್ನು ನೋಡಿ, ಔಷಧಿ ಇನ್ನು ಕೆಲಸ ಮಾಡುತ್ತಿಲ್ಲ ಎಂದು ಮೆತ್ತಗೆ ಹೇಳಿದರು. ಕೀಮೋ ನಿಲ್ಲಿಸುವುದೇ ಒಳ್ಳೆಯದು, ನೋವಿಗೆ ಮಾತ್ರೆ ಕೊಡುತ್ತೇನೆ, ಇಷ್ಟು ದೂರ ಬಂದು ಸುಸ್ತಾಗುವುದು ಬೇಡ, ಮನೆಯಲ್ಲೇ ಆರಾಮವಾಗಿರಲಿ ಎಂದರು.

"ಇಲ್ಲ ಡಾಕ್ಟ್ರೆ" ಎಂದರು ಭಾವ. "ಬರಲಿಕ್ಕೆ ಇನ್ನು ತೊಂದರೆ ಇಲ್ಲ. ಗಾಡಿ ಸರಿಯಾಗಿದೆ."

ಅಕ್ಕನೇ "ಆಯಿತು ಡಾಕ್ಟ್ರೆ" ಎಂದು ಎದ್ದಳು.

ಔಷಧಿ ತೆಗೆದುಕೊಂಡು ನಾನು ಪಾರ್ಕಿಂಗಿಗೆ ಬಂದಾಗ ಅಕ್ಕ ಮುಂದಿನ ಸೀಟಿನಲ್ಲಿ ಕೂತಿದ್ದಳು. ಭಾವ ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ ನಿಂತಿದ್ದರು.

"ಎಂತ ಭಾವ, ಮತ್ತೆ ಹೀಟ್ ಆಯಿತಾ?"

"ಇಲ್ಲ" ಎಂದರು. "ತಣ್ಣಗೆ ಉಂಟು."

ಅವರ ಹೆಗಲು ಕುಲುಕುತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಆ ಕಡೆ ತಿರುಗಿ ನಿಂತೆ.

ಅಕ್ಕ ಕಿಟಕಿಯಿಂದ ಕರೆದಳು. "ಅದನ್ನು ಮುಚ್ಚಿ ಬನ್ನಿ. ಬಂದ ದಾರಿಯಲ್ಲಿ ಬೇಡ. ಕಡಲ ಬದಿಯಲ್ಲಿ ಮಟ್ಟು, ಕಾಪು ಎಲ್ಲ ನೋಡಿಕೊಂಡು ಹೋಗುವ. ಇಷ್ಟು ತಿಂಗಳು ನೀರು ಸಿಗುವ ದಾರಿಯಲ್ಲೇ ಹೋದದ್ದಾಯಿತು."

ಭಾವ ಬಾನೆಟ್ ಇಳಿಸಿದರು. ಮುಖ ಒರೆಸಿಕೊಂಡು, "ಅದು ತುಂಬ ಸುತ್ತು" ಎಂದರು.

"ಸುತ್ತಾಗಲಿ. ಈಗ ಗಾಡಿ ಅಷ್ಟು ದೂರಕ್ಕೆ ತಡಿತದಲ್ಲ?"

ಭಾವ ಬಂದು ಸ್ಟೇರಿಂಗ್ ಹಿಡಿದು ಕೂತರು. ಕೀಲಿ ತಿರುಗಿಸಿದರು.

"ಗಾಡಿ ತಡಿತದೆ ಮಾರಾಯ್ತಿ" ಎಂದರು.