ಮಷೀನು ಪಾಸು, ನಾನು ಫೇಲು

ಸುಸ್ತಾದವನು ಕಣ್ಣಿಗೆ ಬಿದ್ದರೆ ಸಾಕು, ಊರವರೆಲ್ಲ ವೈದ್ಯರಾಗುತ್ತಾರೆ. ಎರಡು ವರ್ಷ ಇಂಥವರೇ ನನಗೆ ಗಂಟುಬಿದ್ದರು. ನನ್ನದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿ, ಗಾಳಿ ಊದುವ ಮಷೀನು ಹಚ್ಚಿಕೊಂಡೇ ಮಲಗಬೇಕು. ಗೊರಕೆ ನಿಂತಿತು, ಉಸಿರು ಕಟ್ಟುವುದೂ ನಿಂತಿತು, ಸುಸ್ತು ಮಾತ್ರ ಹೋಗಲಿಲ್ಲ. ಹೈದರಾಬಾದಿನ ಮಾದಾಪುರದಲ್ಲಿರುವ ನಮ್ಮ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು ಹೇಳಿಯೇಬಿಟ್ಟಿದ್ದ: "ಇನ್ನೊಂದು ಸಲ ಮೀಟಿಂಗಿನಲ್ಲಿ ತೂಕಡಿಸಿದರೆ ಕೆಲಸ ಹೋಯಿತು ಅಂತ ತಿಳ್ಕೊ." ಎರಡು ಮಕ್ಕಳ ತಂದೆ ನಾನು. ಸಿಟ್ಟು ಬರದೆ ಇರುತ್ತದೆಯೇ?

೧. ಪಾಸು

ಮಷೀನು ಮಾರಿದವನು ಮನೆಗೆ ಬಂದು, ಅದರೊಳಗಿನ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ.

"ಫಸ್ಟ್ ಕ್ಲಾಸ್ ಸರ್! ದಿನಾ ನಾಲ್ಕು ತಾಸು ದಾಟಿದರೆ ಪಾಸು. ನಿಮ್ಮದು ನಾಲ್ಕು ದಾಟಿದೆ."

"ಪಾಸಾದವನಿಗೆ ಹಗಲೆಲ್ಲ ಯಾಕಪ್ಪ ಕಣ್ಣು ಎಳೆಯುತ್ತದೆ?"

"ಅದು ಮಷೀನಿನ ತಪ್ಪಲ್ಲ ಸರ್" ಎಂದು ಫೋನು ತೆಗೆದ. ನಾನು ಮಾಸ್ಕ್ ಹಾಕಿಕೊಂಡ ಫೋಟೊ ಅವನ ಕಂಪನಿಗೆ ಬೇಕಂತೆ. ಮುಖ ಪೂರ್ತಿ ಮುಚ್ಚಿಕೊಂಡು ಕೂತೆ. ಅವನು ಫೋನು ಹಿಡಿದು ಅಂದ: "ಸ್ವಲ್ಪ ನಗಿ ಸರ್."

೨. ದೃಷ್ಟಿ

ಮೊದಲ ಡಾಕ್ಟರು ರಕ್ತ ಎಳೆದ, ಎಳೆದ, ಎಳೆದೇ ಎಳೆದ. ಥೈರಾಯಿಡ್ ಸರಿ, ಕಬ್ಬಿಣಾಂಶ ಸರಿ, ಬಿ ಹನ್ನೆರಡು ಮಾತ್ರ ಸ್ವಲ್ಪ ಕಡಿಮೆ. ಸೂಜಿ ಚುಚ್ಚಿಸಿಕೊಂಡು ಅದೂ ಸರಿಯಾಯಿತು. ನಾನು ಹಾಗೇ ಇದ್ದೆ.

ಅಷ್ಟರಲ್ಲಿ ಹುಮನಾಬಾದಿನಿಂದ ಅತ್ತೆ ಬಂದರು. "ಅಳಿಯಂದ್ರ, ರಕ್ತದಾಗ ಏನೂ ಇಲ್ಲರಿ. ನಿಮಗ ದೃಷ್ಟಿ ಭಾಳ ಆಗೈತಿ" ಎಂದವರೇ, ಮಷೀನು ಗಾಳಿ ಎಳೆದುಕೊಳ್ಳುವ ಕಿಂಡಿಯ ಮುಂದೆಯೇ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಕಟ್ಟಿದರು. ನಾನು ನೋಡದೆ ಮಲಗಿದೆ. ಆ ಘಾಟೆಲ್ಲ ನೇರ ಮೂಗಿಗೆ! ಬೆಳಿಗ್ಗೆ ಸೀನಿ ಸೀನಿ ಕಣ್ಣು ಕೆಂಪಾಗಿ ಕೂಗಾಡಿದರೆ, ಅತ್ತೆ ನನ್ನ ಹೆಂಡತಿಗೆ ಸಮಾಧಾನದಿಂದ ಹೇಳಿದರು: "ನೋಡವ್ವ, ದೃಷ್ಟಿ ಹೊಂಟೈತಿ."

೩. ಶಾಂತಿ

ಉದ್ಯೋಗಿಗಳ ಆಯಾಸ ಕಳೆಯಲು ಆಫೀಸಿನಲ್ಲಿ ಧ್ಯಾನದ ಕ್ಲಾಸಿಟ್ಟರು. ಎಚ್ಆರ್ ಮೇಡಮ್ಮು ತಾನೇ ಮೈಕು ಹಿಡಿದು, "ಕಣ್ಣು ಮುಚ್ಚಿ. ಎಲ್ಲವನ್ನೂ ಬಿಟ್ಟುಬಿಡಿ" ಎಂದಳು. ಸುತ್ತಲಿನವರು ಅರ್ಧ ಕಣ್ಣು ಬಿಟ್ಟು ಫೋನು ನೋಡುತ್ತಿದ್ದರು. ಹೇಳಿದ್ದನ್ನು ಅಕ್ಷರಶಃ ಪಾಲಿಸಿದವನು ನಾನೊಬ್ಬನೇ. ಅದಕ್ಕೆ ಸಂಜೆ ಬಂದದ್ದೇನು? ಕ್ಲಾಸಿನಲ್ಲಿ ಮಲಗಿದ್ದಕ್ಕೆ ವಾರ್ನಿಂಗ್ ಲೆಟರ್! ಅದರ ಕೊನೆಯ ಸಾಲು: ಸದಾ ಶಾಂತವಾಗಿರಿ.

೪. ಕಾರಣ

ಆ ಲೆಟರು ಕಿಸೆಯಲ್ಲಿಟ್ಟುಕೊಂಡೇ ಮೆಹದಿಪಟ್ಟಣಂನ ಒಬ್ಬ ವಯಸ್ಸಾದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ರಿಪೋರ್ಟುಗಳ ಕಟ್ಟು ಬಿಚ್ಚಲೇ ಇಲ್ಲ.

"ಎಷ್ಟಕ್ಕೆ ಮಲಗ್ತೀರಿ?"

"ಅಮೆರಿಕದವರ ಫೋನು ಮುಗಿದು ಹನ್ನೆರಡಕ್ಕೆ."

"ಏಳೋದು?"

"ನಾಲ್ಕೂವರೆಗೆ. ಐದೂಕಾಲಿಗೆ ಲಿಂಗಂಪಲ್ಲಿಯ ನಮ್ಮ ಮನೆಗೆ ಆಫೀಸಿನ ಕ್ಯಾಬು ಬರುತ್ತದೆ."

"ಕೆಲಸ ಶುರುವಾಗೋದು?"

"ಎಂಟಕ್ಕೆ, ಮಾದಾಪುರದಲ್ಲಿ."

"ಲಿಂಗಂಪಲ್ಲಿಯಿಂದ ಮಾದಾಪುರಕ್ಕೆ ಮೂರು ತಾಸೇ?"

ಅಲ್ಲ, ಅರ್ಧ ತಾಸು. ಕ್ಯಾಬು ಮೊದಲು ನನ್ನನ್ನು ಹತ್ತಿಸಿಕೊಂಡು, ಮೆಹದಿಪಟ್ಟಣಂವರೆಗೂ ಹೋಗಿ, ಇನ್ನೂ ಐದು ಮಂದಿಯ ಬಾಗಿಲಲ್ಲಿ ಕಾದು, ತಿರುಗಿ ಮಾದಾಪುರಕ್ಕೆ ಬರುತ್ತಿತ್ತು. ಅದೇ ಕಾಯಿದೆ ಎಂದುಕೊಂಡಿದ್ದೆ. ನನ್ನ ಮೇಲೆ ನನಗೇ ಉರಿದುಹೋಯಿತು. ಡಾಕ್ಟರಮ್ಮ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ಏಳು ತಾಸು ನಿದ್ದೆ, ಮಷೀನಿನೊಂದಿಗೆ.

ಆ ಚೀಟಿಯನ್ನು ಟ್ರಾನ್ಸ್‌ಪೋರ್ಟ್ ಗುಮಾಸ್ತನ ಮೇಜಿನ ಮೇಲೆ ಕುಕ್ಕಿದೆ. "ನನ್ನನ್ನೇ ಯಾಕಯ್ಯ ಮೊದಲು ಎತ್ತುತ್ತೀ?"

ಅವನು ಹೈದರಾಬಾದಿ ಹಿಂದಿಯಲ್ಲಿ ನಿಧಾನವಾಗಿ ಹೇಳಿದ: "ಸಾಬ್, ಡ್ರೈವರ್ ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತೋರು ನೀವೊಬ್ಬರೇ. ಉಳಿದವರು ಏಳೋದೇ ಇಲ್ಲ."

ಅಂದರೆ ಎರಡು ವರ್ಷ ನಾನು ಅನುಭವಿಸಿದ್ದು ಒಳ್ಳೆಯತನದ ಶಿಕ್ಷೆ! "ನಾಳೆಯಿಂದ ನನ್ನನ್ನು ಕೊನೆಗೆ ಹತ್ತಿಸು" ಎಂದೆ.

"ಆಗಲಿ ಸಾಬ್. ಆದರೆ ನಾಲ್ಕೂವರೆಗೆ ನೀವೇ ಆ ಐದೂ ಮಂದಿಗೆ ಫೋನ್ ಮಾಡಿ ಎಬ್ಬಿಸಿಬಿಡಿ. ನಿಮಗೆ ಹೇಗೂ ರೂಢಿ ಇದೆಯಲ್ಲ."

ನನ್ನ ಹಿಂದಿ, ತೆಲುಗು, ಇಂಗ್ಲಿಷ್ ಎಲ್ಲ ಅಲ್ಲಿಗೆ ಮುಗಿದವು. "ಏನಲೇ ಮಗನ, ನಸುಕಿನ್ಯಾಗ ಎದ್ದು ಮಂದೀಗೆಲ್ಲ ಕೂಗಿ ಎಬ್ಬಸಾಕ ನಾ ಏನ್ ನಿಮ್ಮಪ್ಪ ಸಾಕಿದ ಹುಂಜ ಅದೀನೇನಲೇ?" ಎಂದು ಶುರುಮಾಡಿದವನು, ಮುಗಿಸಿದಾಗ ಆ ಮಾಳಿಗೆಯ ಜನವೆಲ್ಲ ಎದ್ದು ನಿಂತಿತ್ತು.

ಗುಮಾಸ್ತನಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಮರುದಿನ ಕ್ಯಾಬು ಏಳೂಕಾಲಿಗೆ ಬಂತು.